ಮರೆವು ತಲೆದೋರಿದ ಹಿರಿಯರ ಮೇಲೆ ಆಹಾರ ಪೂರಕಗಳ ಪರೀಕ್ಷೆ: ಮುಂದುವರಿಸಬೇಕೇ?

ಪರ: ಹೇಗೂ ನುಂಗುತ್ತಿದ್ದಾರೆ, ಅಳೆದಾದರೂ ನೋಡೋಣ

ವೈದ್ಯರು ಚಿಕ್ಕದಾಗಿ ಎಂಸಿಐ (ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಅಂದರೆ ನೆನಪು, ಯೋಚನೆಗಳ ಲಘು ಕುಂದು) ಎನ್ನುವ ಸ್ಥಿತಿ ಅರಳುಮರಳೂ (ಡಿಮೆನ್ಷಿಯಾ) ಅಲ್ಲ, ವಯಸ್ಸಿನ ಸಹಜ ಮರೆವೂ ಅಲ್ಲ. ನೆನಪಿನ ಪರೀಕ್ಷೆಯಲ್ಲಿ ವಯಸ್ಸಿಗೂ ಓದಿಗೂ ತಕ್ಕ ಅಂಕ ಬರುವುದಿಲ್ಲ. ಆದರೆ ಅಡುಗೆ, ಲೆಕ್ಕಪತ್ರ, ಓಡಾಟ ಎಲ್ಲವನ್ನೂ ಹೆಚ್ಚುಕಡಿಮೆ ತಾವೇ ನಿಭಾಯಿಸುತ್ತಾರೆ. ನೆನಪಿನ ಕ್ಲಿನಿಕ್ಕಿಗೆ ಬರುವ ಇಂಥವರಲ್ಲಿ ವರ್ಷಕ್ಕೆ ನೂರಕ್ಕೆ 10ರಿಂದ 15 ಮಂದಿ ಡಿಮೆನ್ಷಿಯಾಕ್ಕೆ ಜಾರುತ್ತಾರೆ. ಕೆಲವರು ಇದ್ದಲ್ಲೇ ಇರುತ್ತಾರೆ, ಕೆಲವರು ಸುಧಾರಿಸುವುದೂ ಉಂಟು. ಮೆದುಳಿನಲ್ಲಿ ಅಮಿಲಾಯ್ಡ್ (ಡಿಮೆನ್ಷಿಯಾ ತರುವ ಆಲ್ಝೈಮರ್ ಕಾಯಿಲೆಯಲ್ಲಿ ಶೇಖರವಾಗುವ ಪ್ರೋಟೀನ್) ಇರುವುದು ಖಚಿತವಾದ ಕೆಲವರಿಗೆ ಈಗ ರಕ್ತನಾಳದ ಮೂಲಕ ಕೊಡುವ ಔಷಧವಿದೆ. ಉಳಿದವರ ಕೈಗೆ ಸುಲಭವಾಗಿ ಸಿಗುವುದು ಪೂರಕಗಳ ಡಬ್ಬಿ.

ಹಾಗಾಗಿ ನುಂಗಬೇಕೋ ಬೇಡವೋ ಎಂಬುದು ಎಷ್ಟೋ ಮನೆಗಳಲ್ಲಿ ಆಗಲೇ ತೀರ್ಮಾನವಾಗಿಹೋಗಿದೆ. ಮೀನೆಣ್ಣೆ, ಗಿಂಕ್ಗೊ ಎಂಬ ಮರದ ಎಲೆಯ ಸಾರ, ಬಿ ಗುಂಪಿನ ವಿಟಮಿನ್ ಎಂದು ಮಕ್ಕಳು ತಂದುಕೊಡುತ್ತಾರೆ, ಹಿರಿಯರು ನುಂಗುತ್ತಾರೆ. ಗುಣ ಕಂಡಿತೇ, ತೊಂದರೆಯಾಯಿತೇ ಎಂಬುದು ಯಾವ ಕಡತಕ್ಕೂ ಸೇರುವುದಿಲ್ಲ. ಅಮೆರಿಕದಲ್ಲಂತೂ 1994ರ ಕಾನೂನಿನ ಪ್ರಕಾರ, ಪೂರಕ ಕೆಲಸ ಮಾಡುತ್ತದೆ ಎಂದು ಮಾರುಕಟ್ಟೆಗೆ ಬಿಡುವ ಮುನ್ನ ತೋರಿಸಿಕೊಡಬೇಕಾಗಿಲ್ಲ. ಮಾರುವವರಿಗೆ ಆ ಹೊಣೆ ಇಲ್ಲವೆಂದಮೇಲೆ ಬೇರೆ ಯಾರಾದರೂ ಹೊರಲೇಬೇಕು.

ಸರಿಯಾಗಿ ಪರೀಕ್ಷಿಸಿದರೆ ಏನು ಸಿಗುತ್ತದೆ ಎಂಬುದಕ್ಕೆ ಆಕ್ಸ್‌ಫರ್ಡಿನ ವಿಟಾಕಾಗ್ ಪ್ರಯೋಗ ನೋಡಿ. ಫಲಿತಾಂಶ ಬಂದದ್ದು 2010ರಲ್ಲಿ. 70 ದಾಟಿದ, ಎಂಸಿಐ ಇದ್ದವರಿಗೆ ಎರಡು ವರ್ಷ, ದಿನಕ್ಕೆ 0.8 ಮಿ.ಗ್ರಾಂ ಫೋಲಿಕ್ ಆಮ್ಲ, 0.5 ಮಿ.ಗ್ರಾಂ ಬಿ12, 20 ಮಿ.ಗ್ರಾಂ ಬಿ6 ಕೊಟ್ಟರು. ಹುಸಿ ಮಾತ್ರೆ ಪಡೆದವರ ಮೆದುಳು ವರ್ಷಕ್ಕೆ ಶೇ 1.08ರಷ್ಟು ಕುಗ್ಗಿತ್ತು, ವಿಟಮಿನ್ ಪಡೆದವರದು ಶೇ 0.76. ರಕ್ತದಲ್ಲಿ ಹೋಮೋಸಿಸ್ಟೀನ್ (ಬಿ ವಿಟಮಿನ್ ಕಡಿಮೆಯಾದಾಗ ಏರುವ ಅಮೈನೋ ಆಮ್ಲ) ಲೀಟರಿಗೆ 13 ಮೈಕ್ರೋಮೋಲ್ ಮೀರಿದ್ದವರಲ್ಲಿ ಕುಗ್ಗುವ ವೇಗ ಶೇ 53ರಷ್ಟು ತಗ್ಗಿತು. ಮುಂದೆ ಅದೇ ಮಾಹಿತಿಯನ್ನು ಮತ್ತೆ ಕೆದಕಿದಾಗ, ಒಮೆಗಾ-3 (ಮೀನೆಣ್ಣೆಯಲ್ಲಿರುವ ಕೊಬ್ಬಿನಂಶ) ಮಟ್ಟ ಚೆನ್ನಾಗಿದ್ದವರಲ್ಲೇ ಬಿ ವಿಟಮಿನ್ನಿನ ಫಲ ಎದ್ದು ಕಂಡಿತು. ಬಿ ವಿಟಮಿನ್ ಕೊರತೆ ಇದ್ದಲ್ಲಿ, ಜೊತೆಗೆ ಬೇಕಾದ ಪೋಷಕಾಂಶವೂ ಇದ್ದರೆ, ಪೂರಕಕ್ಕೆ ಕೆಲಸವಿದೆ, ತುಂಬಿದ ಕೊಡಕ್ಕೆ ನೀರು ಸುರಿದು ಲಾಭವಿಲ್ಲ ಎಂಬ ಸುಳಿವು ಇದು.

ಇಲ್ಲ ಎಂಬ ಉತ್ತರವೂ ಉತ್ತರವೇ. ವಿಟಮಿನ್ ಇ ನೆನಪು ಉಳಿಸುತ್ತದೆ ಎಂದು ನಂಬಿದ್ದ ಕಾಲವಿತ್ತು. ಎಂಸಿಐ ಇದ್ದ 769 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 2000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಕೊಟ್ಟು ಮೂರು ವರ್ಷ ಕಾದರು. ಆಲ್ಝೈಮರ್ ಕಡೆಗಿನ ಜಾರಾಟ ತಗ್ಗಲಿಲ್ಲ ಎಂದು 2005ರಲ್ಲಿ ಗೊತ್ತಾಯಿತು. ಗಿಂಕ್ಗೊ 120 ಮಿ.ಗ್ರಾಂ ದಿನಕ್ಕೆರಡು ಬಾರಿ, 75 ದಾಟಿದ 3069 ಮಂದಿ, ಸುಮಾರು ಆರು ವರ್ಷ: 2008ರಲ್ಲಿ ಬಂದ ಉತ್ತರವೂ ಇಲ್ಲ ಎಂದೇ. ಅವರಲ್ಲಿ 482 ಮಂದಿಗೆ ಮೊದಲೇ ಎಂಸಿಐ ಇತ್ತು. ಈ ಎರಡು ಉತ್ತರಗಳು ಎಷ್ಟು ಜನರನ್ನು ವ್ಯರ್ಥ ಭರವಸೆಯಿಂದ ಪಾರುಮಾಡಿವೆಯೋ!

ಇನ್ನು ಮಾಡುವ ರೀತಿ. ಮೊದಲ ಜರಡಿ, ಬೇರೆ ಕಾರಣದಿಂದ ಬಂದ ಮರೆವನ್ನು ಹೊರಗಿಡುವುದು: ಥೈರಾಯ್ಡ್, ಬಿ12, ಖಿನ್ನತೆ, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ, ನೆನಪನ್ನು ಮಸುಕು ಮಾಡುವ ಅಲರ್ಜಿ ಮತ್ತು ಮೂತ್ರಕೋಶದ ಮಾತ್ರೆಗಳು. ಬಿ12 ಕಡಿಮೆ ಇದ್ದವರಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತಹೀನತೆ ಮರೆಯಾಗಿ ನರಗಳ ಹಾನಿ ಒಳಗೊಳಗೇ ಸಾಗುತ್ತದೆ. ಹಾಗಾಗಿ ಈ ಪಟ್ಟಿಯಲ್ಲಿ ಯಾವುದನ್ನೂ ಬಿಡುವಂತಿಲ್ಲ.

ಎರಡನೆಯದು ತಲೆಲೆಕ್ಕ, ಅಂದರೆ ಎಷ್ಟು ಜನ ಬೇಕು ಎಂಬುದು. ಪೂರಕದಿಂದ ಬರುವ ಬದಲಾವಣೆ ಚಿಕ್ಕದು. ಅಂಕಗಳ ಪ್ರಮಾಣ ವಿಚಲನೆಯ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) 0.3ರಷ್ಟು ವ್ಯತ್ಯಾಸ ಹಿಡಿಯಬೇಕಾದರೆ, ಶೇ 80ರ ಶಕ್ತಿಗೂ (ಇರುವ ಗುಣವನ್ನು ಹಿಡಿಯುವ ಸಾಧ್ಯತೆ) ಶೇ 5ರ ಮಿತಿಗೂ (ಇಲ್ಲದ ಗುಣ ಕಂಡಂತಾಗುವ ಸಾಧ್ಯತೆ) ಪ್ರತಿ ಗುಂಪಿನಲ್ಲಿ ಸುಮಾರು 175 ಮಂದಿ ಕೊನೆಯವರೆಗೆ ಇರಬೇಕು. ಐವರಲ್ಲಿ ಒಬ್ಬರು ನಡುವೆ ಬಿಡುತ್ತಾರೆ ಎಂದಿಟ್ಟುಕೊಂಡರೆ 220 ಮಂದಿಯನ್ನು ಸೇರಿಸಿಕೊಳ್ಳಬೇಕು. ವ್ಯತ್ಯಾಸ 0.2ಕ್ಕೆ ಇಳಿದರೆ, ಉಳಿಯಬೇಕಾದವರೇ 400ರ ಹತ್ತಿರ.

ಹುಸಿ ಮಾತ್ರೆ ಹುಸಿ ಎಂದು ತಿಳಿಯಬಾರದು. ಇದು ಕೇಳಿದಷ್ಟು ಸುಲಭವಲ್ಲ. ಮೀನೆಣ್ಣೆ ನುಂಗಿದವರಿಗೆ ತೇಗಿನಲ್ಲಿ ಮೀನಿನ ವಾಸನೆ ಬರುತ್ತದೆ. ಅದಕ್ಕೇ ಎರಡೂ ಗುಂಪಿನ ಕ್ಯಾಪ್ಸೂಲಿಗೆ ನಿಂಬೆಯ ಪರಿಮಳ ಹಾಕುತ್ತಾರೆ, ಇಲ್ಲವೇ ಹುಸಿ ಎಣ್ಣೆಗೂ ತುಸು ಮೀನೆಣ್ಣೆ ಬೆರೆಸುತ್ತಾರೆ. ರೈಬೋಫ್ಲೇವಿನ್ ಇರುವ ಮಾತ್ರೆಯಿಂದ ಮೂತ್ರ ಹಳದಿಯಾಗುತ್ತದೆ. ಹುಸಿ ಮಾತ್ರೆಗೂ ಅದನ್ನು ಚೂರು ಸೇರಿಸಿದರೆ ಗುಟ್ಟು ಉಳಿಯುತ್ತದೆ. ಕೊನೆಯ ದಿನ ಭಾಗವಹಿಸಿದವರನ್ನೂ ಪರೀಕ್ಷಕರನ್ನೂ ಬೇರೆಬೇರೆಯಾಗಿ ಕೇಳಬೇಕು, ‘ಯಾವ ಗುಂಪು ಅನ್ನಿಸುತ್ತದೆ?’ ಎಂದು. ಬಹುಪಾಲು ಜನ ಸರಿಯಾಗಿ ಊಹಿಸಿದರೆ ಪರದೆ ಹರಿದಿದೆ ಎಂದೇ ಅರ್ಥ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಡಬ್ಬಿಯ ವಿಷಯದಲ್ಲಿ. 12 ವಾರ, ದಿನಕ್ಕೆರಡು ಎಂದರೆ 168 ಕ್ಯಾಪ್ಸೂಲು. 12 ಹೆಚ್ಚುವರಿ ಸೇರಿಸಿ 180 ಕೊಡುತ್ತಾರೆ. ಮರಳಿ ಬಂದ ಡಬ್ಬಿಯಲ್ಲಿ 12 ಇದ್ದರೆ ಕಾಗದದ ಮೇಲೆ ನೂರಕ್ಕೆ ನೂರು. ಆದರೆ ಒಂದು ದಿನ ನಾಲ್ಕು, ಮರುದಿನ ಒಂದೂ ಇಲ್ಲ ಎಂದಾಗಿದ್ದರೂ ಎಣಿಕೆ ಅದೇ 12. ಬೆಳಗಿನದು ನುಂಗಿದೆನೋ ಇಲ್ಲವೋ ಎಂಬ ಗೊಂದಲ ಈ ಸ್ಥಿತಿಯ ಲಕ್ಷಣವೇ ಆಗಿರುವಾಗ ಬರೀ ಎಣಿಕೆಯನ್ನು ನಂಬುವುದು ತಪ್ಪು. ವಾರ ಮತ್ತು ಹೊತ್ತು ಬರೆದ ಖಾನೆಗಳಲ್ಲಿ ಮಾತ್ರೆ ತುಂಬಿ ಕೊಡಿ, ಜೊತೆಯಲ್ಲಿ ಇರುವವರೊಬ್ಬರನ್ನು ಹೊಣೆ ಮಾಡಿ, ರಕ್ತದಲ್ಲಿ ಮಟ್ಟ ನೋಡಿ. ಒಮೆಗಾ-3 ಆದರೆ ಕೆಂಪು ಕಣಗಳಲ್ಲಿ ಅಳೆಯಬೇಕು. ಅವುಗಳ ಆಯುಸ್ಸು ಸುಮಾರು 120 ದಿನ, ಆದ್ದರಿಂದ ನಾಲ್ಕನೇ ತಿಂಗಳಿಗೆ ಮುಂಚೆ ಪೂರ್ತಿ ಚಿತ್ರ ಸಿಗುವುದಿಲ್ಲ. ಕ್ಯಾಪ್ಸೂಲಿನಲ್ಲಿ ಲೇಬಲ್ ಹೇಳಿದಷ್ಟು ಪದಾರ್ಥ ಇದೆಯೇ, ಎಣ್ಣೆ ಕಮಟಾಗಿದೆಯೇ ಎಂಬುದನ್ನೂ ತಯಾರಕರಿಗೆ ಸಂಬಂಧವಿಲ್ಲದ ಪ್ರಯೋಗಾಲಯದಲ್ಲಿ, ಪ್ರತಿ ಬ್ಯಾಚಿಗೂ, ಶುರುವಿನಲ್ಲೂ ಕೊನೆಯಲ್ಲೂ ನೋಡಬೇಕು.

ಇಷ್ಟೆಲ್ಲ ದುಬಾರಿ, ನಿಜ. ಪೇಟೆಂಟ್ ಸಿಗದ ವಿಟಮಿನ್ನಿಗೆ ದೊಡ್ಡ ಔಷಧ ಕಂಪನಿಗಳು ಇಷ್ಟು ಹಣ ಸುರಿಯುವುದಿಲ್ಲ. ಸಾರ್ವಜನಿಕ ಹಣ ಇಲ್ಲಿಗೆ ಬರಬೇಕು ಎನ್ನುವುದು ಅದಕ್ಕಾಗಿಯೇ.

ವಿರೋಧ: ಅಂಕ ಏರಿದರೆ ನೆನಪು ಮರಳಿದಂತಲ್ಲ

ಮೇಲೆ ಬಣ್ಣಿಸಿದ ಪ್ರಯೋಗ ನಡೆಯುವುದಾದರೆ ನನ್ನ ತಕರಾರು ಅರ್ಧ ಕಡಿಮೆಯಾದೀತು. ಆದರೆ ಪೂರಕಗಳ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ: ಎರಡು ಗುಂಪು, ಗುಂಪಿಗೆ ಇಪ್ಪತ್ತು ಮೂವತ್ತು ಮಂದಿ, ಮೂರು ತಿಂಗಳು, ಹತ್ತಾರು ಬಗೆಯ ಪರೀಕ್ಷೆ. ವರ್ಷಕ್ಕೆ ನೂರರಲ್ಲಿ 10ರಿಂದ 15 ಮಂದಿ ಜಾರುವ ಸ್ಥಿತಿಯಲ್ಲಿ ಮೂರು ತಿಂಗಳಿಗೆ ಯಾರು ಜಾರಿದರು ಎಂದು ಏನು ಹೇಳಲು ಬರುತ್ತದೆ? ಹುಸಿ ಗುಂಪಿನ ಮೂವತ್ತರಲ್ಲಿ ಒಬ್ಬರು ಜಾರಿದರೆ ಹೆಚ್ಚು.

ಪರೀಕ್ಷೆಯನ್ನು ಹತ್ತಿರದಿಂದ ನೋಡಿ. ಮೋಕಾ ಎಂಬ 30 ಅಂಕದ ಪರೀಕ್ಷೆಯಲ್ಲಿ ಗಡಿಯಾರ ಬರೆದು 11 ಗಂಟೆ 10 ನಿಮಿಷ ತೋರಿಸಲು ಹೇಳುತ್ತಾರೆ. ಮೊದಲ ಸಲ ಬರೆಯುವಾಗ ‘ಹತ್ತು’ ಎಂಬ ಮಾತು ಕೈಯನ್ನು ಎಳೆಯುತ್ತದೆ: ದೊಡ್ಡ ಮುಳ್ಳು 2ರ ಮೇಲೆ ಕೂರುವ ಬದಲು 10ರ ಮೇಲೆ ಕೂರುತ್ತದೆ, ಅಂಕ ಹೋಗುತ್ತದೆ. ಆ ಮೇಲೆ ಮನೆಯಲ್ಲಿ ಆ ಬಗ್ಗೆ ಮಾತಾಗುತ್ತದೆ. ಮೂರನೇ ಭೇಟಿಯ ಹೊತ್ತಿಗೆ ಪರೀಕ್ಷಕರು ಮಾತು ಮುಗಿಸುವ ಮುನ್ನವೇ ಮುಳ್ಳು 2ಕ್ಕೆ ಹೋಗಿರುತ್ತದೆ. ನೆನಪಿಡಲು ಕೊಡುವ ಐದು ಪದಗಳಿಗೂ ಇದೇ ಗತಿ. ಬೇರೆ ಬೇರೆ ಪದಗಳಿರುವ ಪರ್ಯಾಯ ಪ್ರತಿಗಳನ್ನು ಸರದಿಯಲ್ಲಿ ಬಳಸಿದರೆ ಇದು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಕಲಿಯುವುದು ಪದವನ್ನಷ್ಟೇ ಅಲ್ಲ, ಪರೀಕ್ಷೆಗೆ ಕೂರುವ ರೀತಿಯನ್ನೂ. ಹುಸಿ ಗುಂಪಿನಲ್ಲೂ ಇದೇ ಕಲಿಕೆ ಆಗುವುದರಿಂದ ಎರಡನ್ನೂ ಹೋಲಿಸಿದರೆ ಲೆಕ್ಕ ಸರಿಹೋಗಬೇಕು. ಆದರೆ ಜಾಹೀರಾತಿಗೆ ಹೋಗುವುದು ಹೋಲಿಕೆಯಲ್ಲ, ‘ನಮ್ಮ ಕ್ಯಾಪ್ಸೂಲು ಪಡೆದವರ ಅಂಕ ಏರಿತು’ ಎಂಬ ಒಂದೇ ಸಾಲು.

ಹತ್ತು ಪರೀಕ್ಷೆ ಮಾಡಿ, ಪ್ರತಿಯೊಂದಕ್ಕೂ ಶೇ 5ರ ಮಿತಿ ಇಟ್ಟರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವಾದರೆ, ಏನೂ ಗುಣವಿಲ್ಲದ ಪುಡಿಗೂ ಕನಿಷ್ಠ ಒಂದರಲ್ಲಿ ‘ಗುಣ’ ಕಾಣುವ ಸಾಧ್ಯತೆ ಶೇ 40. ಜೆಲ್ಲಿ ಮೀನಿನಲ್ಲಿ ಮೊದಲು ಕಂಡ ಪ್ರೋಟೀನ್ ಇರುವ ಪ್ರಿವಾಜೆನ್ ಎಂಬ ಪೂರಕದ ವಿಷಯದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ಅಟಾರ್ನಿ ಜನರಲ್ 2017ರಲ್ಲಿ ಹೂಡಿದ ದಾವೆಯ ತಿರುಳು ಇದೇ ಆಗಿತ್ತು: 218 ಮಂದಿಯ ಪ್ರಯೋಗದಲ್ಲಿ ಒಟ್ಟಾರೆ ಗುಣ ಕಾಣದಿದ್ದಾಗ ಸಣ್ಣ ಸಣ್ಣ ಗುಂಪುಗಳನ್ನು ಮಾಡಿಮಾಡಿ ಹುಡುಕಿದರು ಎಂಬ ಆರೋಪ. ನ್ಯಾಯಾಲಯ ಅಂಥ ಹೇಳಿಕೆಗಳಿಗೆ ತಡೆ ಹಾಕಿದ್ದು 2024ರಲ್ಲಿ. ಅಷ್ಟು ವರ್ಷ ಡಬ್ಬಿಗಳು ಮಾರಾಟವಾಗುತ್ತಲೇ ಇದ್ದವು. ‘ಪರೀಕ್ಷಿಸಲಾಗಿದೆ’ ಎಂಬ ಮಾತು ಹಿರಿಯರಿಗೆ ಕವಚವಾಗುವ ಬದಲು ಮಾರುವವರ ಕೈಯಲ್ಲಿ ಆಯುಧವಾಗುವುದು ಹೀಗೆ.

ನಡುವೆ ಬಿಟ್ಟವರ ಲೆಕ್ಕ ಇನ್ನೊಂದು ಗುಂಡಿ. ಆರನೇ ತಿಂಗಳಿಗೆ ಬಿಟ್ಟವರ ಕೊನೆಯ ಅಂಕವನ್ನೇ ಎರಡನೇ ವರ್ಷಕ್ಕೂ ನಕಲು ಮಾಡುವ ರೂಢಿಯಿತ್ತು. ಕುಗ್ಗುತ್ತಲೇ ಹೋಗುವ ಕಾಯಿಲೆಯಲ್ಲಿ ಇದರಿಂದ ಬೇಗ ಬಿಟ್ಟವರು ಗಟ್ಟಿಯಾಗಿ ಕಾಣುತ್ತಾರೆ. ಹೊಟ್ಟೆ ಕೆಡಿಸುವ ಪೂರಕವಾದರೆ ಬಿಡುವವರು ಆ ಗುಂಪಿನಲ್ಲೇ ಹೆಚ್ಚು. ಹೊಟ್ಟೆ ಕೆಡಿಸಿದ್ದೇ ಗುಣದಂತೆ ಕಂಡುಬಿಡುತ್ತದೆ.

ವಿಟಾಕಾಗ್ ಬಗ್ಗೆ ನನಗೂ ಗೌರವವಿದೆ. ಆದರೂ 271 ಮಂದಿ ಸೇರಿ, ಎರಡೂ ಎಂಆರ್‌ಐ ಲೆಕ್ಕಕ್ಕೆ ಸಿಕ್ಕವರು 168. ಆಮೇಲೆ ನೆದರ್‌ಲ್ಯಾಂಡ್ಸಿನಲ್ಲಿ ಹೋಮೋಸಿಸ್ಟೀನ್ ಹೆಚ್ಚಿದ್ದ 2919 ಹಿರಿಯರಿಗೆ ಫೋಲಿಕ್ ಆಮ್ಲ ಮತ್ತು ಬಿ12 ಎರಡು ವರ್ಷ ಕೊಟ್ಟರೂ ನೆನಪಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವ ಫಲ ಬರಲಿಲ್ಲ. ಅವರು ಎಂಸಿಐ ಇದ್ದವರೆಂದು ಆರಿಸಿದವರಲ್ಲ, ಒಪ್ಪುತ್ತೇನೆ. ಆದರೆ ಹಾಂಗ್‌ಕಾಂಗಿನಲ್ಲಿ ಎಂಸಿಐ ಇದ್ದ, ಹೋಮೋಸಿಸ್ಟೀನ್ ಏರಿದ್ದ 279 ಮಂದಿಯ ಮೇಲೆ ಇದೇ ಎರಡು ವಿಟಮಿನ್ ಕೊಟ್ಟು ಎರಡು ವರ್ಷ ನಡೆಸಿದ ಪ್ರಯೋಗವೂ ಜಾರಾಟವನ್ನು ತಡೆಯಲಿಲ್ಲ. ಎಂಆರ್‌ಐ ಚಿತ್ರದಲ್ಲಿ ಉಳಿದದ್ದು ದಿನನಿತ್ಯದ ಬದುಕಿನಲ್ಲಿ ಉಳಿಯುತ್ತದೆ ಎಂದು ಹೇಳುವ ಕಾಲ ಇನ್ನೂ ಬಂದಿಲ್ಲ.

‘ವಿಟಮಿನ್ ತಾನೇ, ಏನಾದೀತು?’ ಎನ್ನುವವರಿಗೆ: ದಿನಕ್ಕೆ 400 ಐಯು ವಿಟಮಿನ್ ಇ ಪಡೆದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿದ್ದು 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಕಂಡಿತು. ಬಿ6 ಪ್ರಮಾಣ ಮೀರಿ ಬಹುಕಾಲ ಹೋದರೆ ಕೈಕಾಲು ಜೋಮು ಹಿಡಿಯುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಗಿಂಕ್ಗೊ ಸೇರಿದರೆ ರಕ್ತಸ್ರಾವದ ಭಯವಿದೆ. ಈ ವಯಸ್ಸಿನವರ ಮಾತ್ರೆ ಡಬ್ಬಿಯಲ್ಲಿ ಐದಾರು ಔಷಧ ಇರುವುದು ಸಾಮಾನ್ಯ. ಹೊರಗೆ ಕೊಂಡು ನುಂಗುವ ಪೂರಕವನ್ನು ‘ಅದು ಔಷಧವಲ್ಲವಲ್ಲ’ ಎಂದು ಪ್ರಯೋಗದವರಿಗೆ ಹೇಳದೇ ಬಿಡುವುದೂ ಅಷ್ಟೇ ಸಾಮಾನ್ಯ.

ಸಮ್ಮತಿಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಹತ್ತು ಪುಟದ ಪತ್ರ ಓದಿ ರುಜು ಹಾಕಿದವರಿಗೆ ಮುಂದಿನ ವಾರ ‘ನಿಮಗೆ ಹುಸಿ ಮಾತ್ರೆಯೂ ಸಿಗಬಹುದು’ ಎಂಬ ಸಾಲು ನೆನಪಿರುತ್ತದೆಯೇ? ಪತ್ರವನ್ನು ಎರಡು ಭೇಟಿಯಲ್ಲಿ ವಿವರಿಸಿ, ಅವರ ಮಾತಿನಲ್ಲೇ ತಿರುಗಿ ಹೇಳಿಸಿ, ಆರು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು. ಅವಸರದಲ್ಲಿ ಜನ ಸೇರಿಸುವಾಗ ಮೊದಲು ಬಿಟ್ಟುಹೋಗುವುದು ಇದೇ.

ಹಣ, ಸಮಯ, ಹಿರಿಯರ ಒಳ್ಳೆಯ ಮನಸ್ಸು ಮೂರೂ ಬೇಕಾದಷ್ಟಿಲ್ಲ. ಮೇಲಿನ ರಕ್ತದೊತ್ತಡವನ್ನು 120ಕ್ಕಿಂತ ಕೆಳಗಿಡಲು ಯತ್ನಿಸಿದ ಅಮೆರಿಕದ ಪ್ರಯೋಗದಲ್ಲಿ ಹೊಸದಾಗಿ ಎಂಸಿಐ ಬರುವುದು ಶೇ 19ರಷ್ಟು ತಗ್ಗಿತೆಂದು 2019ರಲ್ಲಿ ವರದಿಯಾಯಿತು. ಫಿನ್‌ಲ್ಯಾಂಡಿನಲ್ಲಿ 1260 ಮಂದಿಗೆ ಆಹಾರ, ವ್ಯಾಯಾಮ, ಮೆದುಳಿಗೆ ಕಸರತ್ತು, ರಕ್ತನಾಳದ ಆರೈಕೆ ಒಟ್ಟಿಗೆ ಎರಡು ವರ್ಷ ನಡೆಸಿ ಅಂಕಗಳಲ್ಲಿ ಲಾಭ ಕಂಡರು. ಮುಂದಿನ 440 (ಗುಂಪಿಗೆ 220ರಂತೆ) ಹಿರಿಯರನ್ನು ಎಲ್ಲಿಗೆ ಕರೆಯುತ್ತೀರಿ ಎಂದರೆ ನಾನು ಇಲ್ಲಿಗೆ ಎನ್ನುತ್ತೇನೆ.

ಆದರೂ ಪೂರಕವನ್ನೇ ಪರೀಕ್ಷಿಸುವುದಾದರೆ, ರಕ್ತದಲ್ಲಿ ಕೊರತೆ ಕಂಡವರನ್ನು ಮಾತ್ರ ಸೇರಿಸಿ. ಯಾವ ಒಂದು ಅಳತೆಯಿಂದ ತೀರ್ಮಾನ ಎಂದು ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ಬರೆಯಿರಿ. ಎರಡು ವರ್ಷಕ್ಕಿಂತ ಕಡಿಮೆ ಬೇಡ. ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಕಾಗದ ಹೋಗಲಿ: ನಿಮ್ಮ ಡಬ್ಬಿಯಲ್ಲಿ ಇದ್ದದ್ದು ಇದು, ಪ್ರಯೋಗದಲ್ಲಿ ಕಂಡದ್ದು ಇಷ್ಟು, ಈಗ ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು. ಅಕ್ಷರ ದಪ್ಪವಾಗಿರಲಿ, ಒಂದೇ ಪುಟ ಇರಲಿ, ಜೊತೆಗಿದ್ದು ಮಾತ್ರೆ ನೆನಪಿಸಿದವರಿಗೂ ಒಂದು ಪ್ರತಿ ಹೋಗಲಿ.