ಸಿಂಹಗಳು ಅರಮನೆಗೆ ಹೋದದ್ದು

ಲಯನ್ಸ್ ಕ್ಲಬ್ಬಿನವರು ಕುಟುಂಬ ಸಮೇತ ಟ್ರಿಪ್ ಹೊರಟರೆ ಮ್ಯೂಸಿಯಂಗೆ ಹೋಗುವುದು ಕಡಿಮೆ. ಜೋಗ ಇದೆ, ಸಿಗಂದೂರು ಇದೆ, ಮಕ್ಕಳಿದ್ದರೆ ಸಕ್ರೆಬೈಲಿನ ಆನೆ ಬಿಡಾರ ಇದೆ. ಶಿವಮೊಗ್ಗದಲ್ಲಿ ತುಂಗೆಯ ದಂಡೆ ಮೇಲಿರುವ, ಈಗ ಮ್ಯೂಸಿಯಂ ಆಗಿರುವ ಶಿವಪ್ಪನಾಯಕನ ಅರಮನೆ ಮಾತ್ರ ಯಾವಾಗಲಾದರೂ ನೋಡಿದರಾಯ್ತು ಅಂತ ನಮ್ಮ ಜಿಲ್ಲೆಯವರು ಬಿಟ್ಟಿರುವ ಜಾಗ. ನಮ್ಮ ಪಟ್ಟಿಗೂ ಅದು ಸೇರಿದ್ದು ಆನೆಗಳ ದಯೆಯಿಂದ. ಅವುಗಳ ಸ್ನಾನ ಬೆಳಗ್ಗೆಯೇ ಮುಗಿಯುತ್ತದೆ, ಊಟಕ್ಕೆ ಇನ್ನೂ ಹೊತ್ತಿದೆ, ನಡುವೆ ಏನು ಮಾಡೋದು? ‘ಸ್ಥಳೀಯ ಇತಿಹಾಸದ ಬಗ್ಗೆ ಅರಿವು ಮೂಡಿಸುವ ಸಲುವಾಗಿ’ ಅಂತ ಆಮೇಲೆ ವರದಿಯಲ್ಲಿ ಬರೆದುಕೊಂಡೆವು, ಅದು ಬೇರೆ ಮಾತು.

ಹೊರಗಿನವರಿಗೆ ಒಂದು ವಿಷಯ ಹೇಳಬೇಕು. 1917ರಲ್ಲಿ ಷಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಶುರು ಮಾಡಿದ ಈ ಸಂಸ್ಥೆಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಲ್ಲದೆ ಲಯನ್ ಟೇಮರ್ ಅಂತ ಒಬ್ಬರಿರುತ್ತಾರೆ. ಬ್ಯಾನರು, ಬಾವುಟ, ಗಂಟೆ, ಸುತ್ತಿಗೆ ಎಲ್ಲ ಅವರ ಸುಪರ್ದಿ. ಟೇಲ್ ಟ್ವಿಸ್ಟರ್ ಅಂತ ಇನ್ನೊಬ್ಬರು. ಬಾಲ ತಿರುಚುವುದು ಅಂದರೆ ಸಭೆಯಲ್ಲಿ ನಗಿಸೋದು, ಸುಮ್ನೆ ಏನಾದರೂ ನೆಪ ತೆಗೆದು ಸದಸ್ಯರಿಗೆ ದಂಡ ಹಾಕೋದು. ಅವರಿಗೇ ದಂಡ ಹಾಕಬೇಕಾದರೆ ಹಾಜರಿದ್ದವರೆಲ್ಲ ಒಂದೇ ಮನಸ್ಸಿನಿಂದ ಒಪ್ಪಬೇಕು. ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ಒಪ್ಪಿದ ವಿಷಯ ಊಟದ ಹೊತ್ತು ಒಂದೇ, ಹಾಗಾಗಿ ಅವರು ಕ್ಷೇಮವಾಗಿದ್ದಾರೆ.

ಬಸ್ಸಿಳಿದ ಕೂಡಲೇ ಅರಮನೆ ನೋಡಿದೆವು ಅಂದುಕೊಳ್ಳಬೇಡಿ. ಮೊದಲು ಬ್ಯಾನರು ಬಿಚ್ಚಿದ್ದಾಯ್ತು, ಮಾಜಿ ಅಧ್ಯಕ್ಷರು ಹಿರಿತನದ ಪ್ರಕಾರ ನಿಂತದ್ದಾಯ್ತು, ಫೋಟೋ ಆಯ್ತು, ಒಬ್ಬರು ಕಣ್ಣು ಮುಚ್ಚಿದ್ದರೆಂದು ಇನ್ನೊಂದು ಆಯ್ತು. ಒಳಗೆ ಹೋದರೆ ದಪ್ಪ ದಪ್ಪ ಮರದ ಕಂಬಗಳ ದರ್ಬಾರು ಹಾಲ್, ಮೇಲೆ ಸುತ್ತಲೂ ಮೊಗಸಾಲೆ. ಹೆಸರು 1645ರಿಂದ 1660ರವರೆಗೆ ಕೆಳದಿ ರಾಜ್ಯ ಆಳಿದ ಶಿವಪ್ಪನಾಯಕನದು. ಆದರೆ ಈ ಕಟ್ಟಡ ಹೈದರಾಲಿ ಕಾಲದ್ದು ಎನ್ನುವವರೂ ಇದ್ದಾರೆ. ಇದನ್ನು ಕೇಳಿ ನಮ್ಮ ಖಜಾಂಚಿಗೆ ನಾಯಕನ ಮೇಲೆ ಗೌರವ ಹೆಚ್ಚಾಯಿತು. ಖರ್ಚು ಇನ್ನೊಬ್ಬರದು, ಹೆಸರು ತನ್ನದು! ಅದಕ್ಕಿಂತ ಜಾಸ್ತಿ ಅವರಿಗೆ ಹಿಡಿಸಿದ್ದು ಹೊಲಗದ್ದೆಗಳನ್ನು ಫಲವತ್ತು ನೋಡಿ ವಿಂಗಡಿಸಿ ಕಂದಾಯ ಗೊತ್ತುಮಾಡಿದ ನಾಯಕನ ‘ಶಿಸ್ತು’. ಚಂದಾ ಬಾಕಿ ಇರುವವರನ್ನೂ ಹಾಗೆ ವಿಂಗಡಿಸಬಹುದಲ್ವಾ ಎಂದು ಅವರು ಕೇಳಿದಾಗ ಕೆಲವರು ಸರಸರ ಅಂಗಳಕ್ಕೆ ಇಳಿದರು.

ನಮ್ಮನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸಿದ್ದು ಅಲ್ಲಿದ್ದ ಕಲ್ಲುಗಳೇ. ಸುತ್ತಮುತ್ತಲ ಊರುಗಳಿಂದ ತಂದಿಟ್ಟ, ಕಾದಾಡಿ ಸತ್ತವರ ನೆನಪಿನ ವೀರಗಲ್ಲು, ಗಂಡನ ಚಿತೆಯೇರಿದ ಹೆಂಗಸರ ನೆನಪಿನ ಮಾಸ್ತಿಕಲ್ಲು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತಿದ್ದರೆ ಪಕ್ಕದಲ್ಲಿ ಹಸುಗಳೂ ಇರುತ್ತವೆ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ಕೈಮುಗಿದು ಕೂತ ವೀರ, ನೆತ್ತಿಗೆ ಸೂರ್ಯ ಚಂದ್ರ. ಏನು ಮಾಡಿದ, ಏನಾದ, ಎಲ್ಲಿಗೆ ಹೋದ ಎಲ್ಲ ಗೊತ್ತಾಗುತ್ತದೆ. ಯಾರು ಅನ್ನೋದು ಮಾತ್ರ ಎಷ್ಟೋ ಕಲ್ಲುಗಳಲ್ಲಿ ಇಲ್ಲ. ಒಂದು ಅಕ್ಷರವೂ ಇಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ ಹೆಸರಿದೆ, ಆದರೆ ಅದು ನಾಯಿಯದು. ಇದು 949ರ ಸುಮಾರಿನ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೆರನಿಗೆ ಗಂಗರ ದೊರೆ ಬೂತುಗ ‘ಬೇಕಾದ್ದು ಕೇಳು’ ಅಂದರೆ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಅದಕ್ಕೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದರು.

ಈಗ ನಮ್ಮ ಕ್ಲಬ್ಬಿನವರು ಕಟ್ಟಿಸಿದ ಬಸ್ ನಿಲ್ದಾಣದ ಕಲ್ಲು ನೋಡಿ. ಜಿಲ್ಲಾ ಗವರ್ನರು, ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ದಾನಿಗಳು, ಅವರ ಶ್ರೀಮತಿಯರು, ಸಾಲಾಗಿ ಹೆಸರೋ ಹೆಸರು. ಏನು ಮಾಡಿದರು ಅಂತ ಮಾತ್ರ ಎಲ್ಲೂ ಇಲ್ಲ. ಮಾಡಿಲ್ಲ ಅಂತಲ್ಲ. ಹೆಲೆನ್ ಕೆಲರ್ 1925ರಲ್ಲಿ ಲಯನ್ಸ್ ಸಮಾವೇಶದಲ್ಲಿ ಕುರುಡರ ಪರವಾಗಿ ಹೋರಾಡಿ ಅಂತ ಕೇಳಿಕೊಂಡಾಗಿನಿಂದ ಕಣ್ಣಿನ ಕೆಲಸ ಲಯನ್ಸ್‌ನವರಿಗೆ ಅಂಟಿಕೊಂಡಿದೆ. ನಮ್ಮಲ್ಲೂ ಪೊರೆ ಆಪರೇಷನ್ ಮಾಡಿಸಿಕೊಂಡು, ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಗನ ಮುಖ ಹಿಡಿದು ನೋಡಿದ ಅಜ್ಜಿಯರಿದ್ದಾರೆ. ಅದನ್ನು ಯಾವ ಕಲ್ಲಿನ ಮೇಲೂ ಕಾಣೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಂಡಕ್ಕಿ ಹಂಚುತ್ತಾ ಇದೇ ಮಾತು. ನಮ್ಮ ಕ್ಲಬ್ಬಿಗೂ ಒಂದು ವೀರಗಲ್ಲು ಕೆತ್ತಿಸಿದರೆ ಹೇಗೆ? ಕೆಳಗಿನ ಪಟ್ಟಿಯಲ್ಲಿ ಕಣ್ಣಿನ ಶಿಬಿರ, ಶಾಮಿಯಾನದ ಕೆಳಗೆ ಸಾಲು ನಿಂತ ಅಜ್ಜ ಅಜ್ಜಿಯರು. ಅಷ್ಟರವರೆಗೆ ತಕರಾರಿಲ್ಲ. ನಡುವಿನ ಪಟ್ಟಿಗೆ ಅಪ್ಸರೆಯರ ಬದಲು ಶಾಲು ಹಾರ ಹಿಡಿದವರು ಇರಲಿ ಅಂದರು ಒಬ್ಬರು. ಮೇಲೆ ಲಿಂಗದ ಜಾಗಕ್ಕೆ ಗವರ್ನರಾ ಅಧ್ಯಕ್ಷರಾ ಅನ್ನುವಲ್ಲಿ ಗಲಾಟೆ ಶುರುವಾಯಿತು. ಅಧ್ಯಕ್ಷರಾದರೆ ಯಾವ ವರ್ಷದವರು? ಜುಲೈ ಬಂದರೆ ಬದಲಾಗುತ್ತಾರಲ್ಲ! ಮಾಜಿಗಳೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಟೇಲ್ ಟ್ವಿಸ್ಟರ್ ಎದ್ದು ನಿಂತು, ವೀರಗಲ್ಲು ಬೇಕಾದರೆ ಮೊದಲು ಸಾಯಬೇಕು, ಯಾರು ತಯಾರಿದ್ದೀರಿ ಅಂತ ಕೇಳಿ, ಕೈ ಎತ್ತದವರಿಗೆಲ್ಲ ಹತ್ತು ಹತ್ತು ರೂಪಾಯಿ ದಂಡ ಹಾಕಿದರು.