ಆ ತಾಯಿಯ ಹಾಲು ವಿಷವಲ್ಲ

"ಅಕ್ಕಾರ, ನನ್ನ ಹಾಲು ವಿಷ ಆಗೇತೇನ್ರಿ?"

ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಎಚ್‌ಐವಿ ಇದ್ದ ಬಾಣಂತಿಯೊಬ್ಬಳು ಹೀಗೆ ಕೇಳಿದ್ದಳು. ಯಾವ ಊರು, ಯಾರ ಮನೆ ಅಂತ ಬರೆಯೋದಿಲ್ಲ. ಎಚ್‌ಐವಿ ಇದ್ದವರ ಗುಟ್ಟು ಕಾಯಬೇಕು ಅಂತ 2017ರ ಕಾನೂನೇ ಇದೆ. ಅದಕ್ಕಿಂತ ಹೆಚ್ಚಾಗಿ, ಆಶಾ ಕಾರ್ಯಕರ್ತೆ ಅಂತ ಅವಳು ನನ್ನನ್ನು ನಂಬಿದ್ದಾಳೆ.

ತಾಯಿಯಿಂದ ಕೂಸಿಗೆ ಎಚ್‌ಐವಿ ದಾಟಬಹುದು, ನಿಜ. ಬಸಿರು, ಹೆರಿಗೆ, ಎದೆಹಾಲು ಎಲ್ಲಾ ಸೇರಿ, ಔಷಧಿಯೇ ಇಲ್ಲದಿದ್ದರೆ 100 ಕೂಸುಗಳಲ್ಲಿ 15ರಿಂದ 45ಕ್ಕೆ ತಗಲುತ್ತದೆ. ಔಷಧಿ ಸರಿಯಾಗಿ ನಡೆದರೆ 5ಕ್ಕಿಂತ ಕಡಿಮೆ. ತಾಯಿ ದಿನಾ ತಪ್ಪದೆ ಎಆರ್‌ಟಿ ಗುಳಿಗೆ, ಅಂದರೆ ಎಚ್‌ಐವಿ ಹತ್ತಿಕ್ಕುವ ಗುಳಿಗೆ, ನುಂಗಬೇಕು. ಕೂಸಿಗೆ ಹುಟ್ಟಿದಾಗಿನಿಂದ ಕನಿಷ್ಠ 6 ವಾರ ಎಚ್‌ಐವಿ ತಗಲದಂತೆ ತಡೆಯುವ ನೆವಿರಪಿನ್ ಸಿರಪ್ ಹಾಕಬೇಕು. ಗುಳಿಗೆಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ.

ಅವಳ ಗುಳಿಗೆ ಡಬ್ಬಿ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇತ್ತು. ಡಬ್ಬಿಯೊಳಗೆ ಹತ್ತಿ ತುರುಕಿದ್ದಳು. ತೆಗೆಯುವಾಗ ಗುಳಿಗೆ ಗಲಗಲ ಅನ್ನಬಾರದು, ಅತ್ತೆಗೆ ಕೇಳಿಸಬಾರದು ಅಂತ.

ನನಗೆ ಜಾಸ್ತಿ ಹೆದರಿಕೆ ಇದ್ದದ್ದು ಜೇನು, ಬಜೆಯ ಬಗ್ಗೆ. ನಮ್ಮ ಕಡೆ ಕೂಸಿಗೆ ಜೇನು ನೆಕ್ಕಿಸುತ್ತಾರೆ, ಬಜೆ ತೇಯ್ದು ಹಾಕುತ್ತಾರೆ, ಅತ್ತರೆ ಆಕಳ ಹಾಲು ಕುಡಿಸುತ್ತಾರೆ. ಎಳೆ ಕರುಳಿಗೆ ಇದರಿಂದ ಪೆಟ್ಟಾಗುತ್ತದೆ, ವೈರಸ್ ಒಳಗೆ ಹೋಗಲು ಸುಲಭ ಆಗುತ್ತದೆ. ಎದೆಹಾಲು ಕೊಟ್ಟರೆ 6 ತಿಂಗಳು ಅದೊಂದನ್ನೇ ಕೊಡಬೇಕು.

ಹಾಲು ಹಿಂಡಿ ಬಿಸಿ ಮಾಡುವ ದಾರಿಯೂ ಇದೆ. ಗಾಜಿನ ಬಾಟಲಿಗೆ ಹಾಲು ಹಾಕಿ, ನೀರಿನ ಪಾತ್ರೆಯಲ್ಲಿಟ್ಟು, ನೀರು ಕುದಿ ಬಂದ ಕೂಡಲೇ ಹೊರಗೆ ತೆಗೆಯುವುದು. ಎಚ್‌ಐವಿ ನಿಷ್ಕ್ರಿಯ ಆಗುತ್ತದೆ. ಮೊಲೆ ಬಾವು ಬಂದಾಗ, ಗುಳಿಗೆ ಸಿಗದಾಗ, ಡಾಕ್ಟರ್ ಹೇಳಿದರೆ ಸ್ವಲ್ಪ ದಿನಕ್ಕೆ ಸರಿ. ಆದರೆ ಕೂಡು ಮನೆಯಲ್ಲಿ, ಒಂದೇ ಒಲೆಯ ಮುಂದೆ, ದಿನಕ್ಕೆ ಎಂಟು ಸಲ ಎದೆಹಾಲು ಕಾಯಿಸಿದರೆ ಯಾರು ಸುಮ್ನೆ ಇರ್ತಾರೆ?

ಅದಕ್ಕೇ ನಾನು ಅವಳ ಮನೆಯಲ್ಲಿ ಮಾತ್ರ ಹೇಳಲಿಲ್ಲ. ಓಣಿಯ ಪ್ರತಿ ಬಾಣಂತಿಯ ಮನೆಗೂ ಹೋಗಿ, 6 ತಿಂಗಳು ಎದೆಹಾಲು ಒಂದನ್ನೇ ಕೊಡಿ ಅಂತ ಹೇಳಿದೆ. ಎಲ್ಲ ಕೂಸುಗಳಿಗೂ ಅದು ಒಳ್ಳೆಯದೇ ಅಲ್ವಾ? ಎಲ್ಲರಿಗೂ ಒಂದೇ ನಿಯಮ ಆದಾಗ ಒಬ್ಬಳ ಮೇಲೆ ಅನುಮಾನ ಬರೋದಿಲ್ಲ. ನನ್ನ ಜೊತೆಯ ಆಶಾ ಅಕ್ಕಂದಿರೇ, ನೀವೂ ಹೀಗೇ ಮಾಡಿ.

6 ವಾರಕ್ಕೆ ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದರು. ವೈರಸ್ ಇಲ್ಲ ಅಂತ ಬಂತು. 18 ತಿಂಗಳವರೆಗೆ ಪರೀಕ್ಷೆಗಳು ಇನ್ನೂ ಇವೆ. ಮೊನ್ನೆ ಹೋದಾಗ ಪಕ್ಕದ ಮನೆಯವರು ಜೇನಿನ ಬಟ್ಟಲು ಹಿಡಿದು ಬಂದಿದ್ದರು. ಅತ್ತೆಯೇ ತಡೆದರು: "ಬ್ಯಾಡವಾ, ಆರು ತಿಂಗಳ ತಾಯಿ ಹಾಲು ಒಂದ ಅಂತ ಅಕ್ಕಾರ ಹೇಳ್ಯಾರ."