ಮುನ್ನೂರು ಕೋಟಿ ವರ್ಷದ ಬೇಬಿ

ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ ಹತ್ತಿರದ ಕಲ್ಲು ಗಣಿಯಲ್ಲಿ ಪರೀಕ್ಷೆಗೆ ಅಂತ ಮದ್ದು ಸಿಡಿಸಿ ನೋಡುವ ಟ್ರಯಲ್ ಬ್ಲಾಸ್ಟ್ ಮಾತು ಮತ್ತೆ ಟೀ ಅಂಗಡಿಗೆ ಬಂದಿದೆ. ಮೊನ್ನೆ ಪಾಂಡವಪುರದ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರು ಪೇಪರ್ ಮಡಚಿ, "ಸಿಡಿಸಿದ್ರೆ ಕಟ್ಟೆಗೆ ಏನಾರ ಆಯ್ತದಾ ಅಂತ ಸಿಡಿಸಿ ನೋಡ್ಬೇಕಂತೆ ಕಣಪ್ಪ" ಅಂದರು.

ಅಂಗಡಿಯವನು ಸಕ್ಕರೆ ಡಬ್ಬ ಕೆಳಗಿಟ್ಟ. "ಏನಾರ ಆಗೋದ್ರೆ?"

"ಆಯ್ತು ಅಂತ ವರದಿ ಬರ್ಕೋತಾರೆ."

ನಾನು ವಿಜ್ಞಾನದ ಪರ. ಹಾಗಾಗಿ ಆ ನಗುವಿನಲ್ಲಿ ಸೇರಲಿಲ್ಲ. ನಿಜಕ್ಕೂ ಇದು ಎಂಥ ಚೆಂದದ ವಿಧಾನ ನೋಡಿ. ತೊಂಬತ್ತು ದಾಟಿದ ಅಜ್ಜಿ ಬಿದ್ದರೆ ಸೊಂಟ ಮುರಿಯುತ್ತಾ? ಊಹೆ ಯಾಕೆ, ಒಂದು ಸಲ ತಳ್ಳಿ ನೋಡಿದರಾಯಿತು. ಜೋರಾಗಿ ಅಲ್ಲ. ಸಣ್ಣದಾಗಿ, ಮೀಟರ್ ಇಟ್ಟುಕೊಂಡು, ತಜ್ಞರ ಸಮ್ಮುಖದಲ್ಲಿ. ಅಜ್ಜಿ ಬೀಳದಿದ್ದರೆ ಇನ್ನು ಮೇಲೆ ದಿನಾ ತಳ್ಳಬಹುದು ಅಂತ ಸರ್ಟಿಫಿಕೇಟ್.

ನಮ್ಮ ಅಜ್ಜಿ ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಲಸ ಶುರುವಾಯಿತು, ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು. ಕಲ್ಲಿನ ಕಟ್ಟೆ, ಸುರ್ಕಿ ಗಾರೆ. ಸುರ್ಕಿ ಅಂದರೆ ಸುಣ್ಣದ ಜೊತೆ ಸುಟ್ಟ ಇಟ್ಟಿಗೆ ಪುಡಿ, ಅಷ್ಟೇ. ಬೆಲ್ಲ ಹಾಕಿದ್ದಾರೆ, ಮೊಟ್ಟೆ ಹಾಕಿದ್ದಾರೆ ಅಂತ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಲ್ಲದ ಕಥೆ ಹೇಳುವವರು ಸಾಮಾನ್ಯವಾಗಿ ಆಲೆಮನೆಯವರೇ ಆಗಿರುತ್ತಾರೆ. ಕಟ್ಟೆ ನಿಂತಿರುವುದು ತನ್ನ ತೂಕದ ಮೇಲೆ. ನೀರು ಎಷ್ಟು ತಳ್ಳುತ್ತದೋ ಅದಕ್ಕಿಂತ ಭಾರವಾಗಿ ಕೂತು ತಡೆಯುತ್ತದೆ. ನಮ್ಮ ಕಡೆ ಯಜಮಾನರು ಜಗಲಿಯ ಮೇಲೆ ಕೂತ ಹಾಗೆ.

ಆ ಕಟ್ಟೆಯ ಮಟ್ಟ ಮಂಡ್ಯದವರಿಗೆ ಬಿಪಿ ಇದ್ದ ಹಾಗೆ. ಬೆಳಗ್ಗೆ ಎದ್ದು ನೋಡಲೇಬೇಕು. ಎದುರಿಗೆ ಸಿಕ್ಕವರು ಚೆನ್ನಾಗಿದ್ದೀರಾ ಅನ್ನುವ ಬದಲು "ಕಟ್ಟೆ ಎಷ್ಟಾಯ್ತು?" ಅನ್ನುತ್ತಾರೆ. ಕಟ್ಟೆ ತುಂಬಿದರೆ 124.80 ಅಡಿ, 49.45 ಟಿಎಂಸಿ, ಇವೆರಡು ಸಂಖ್ಯೆ ಹೇಳಲು ಬರದವರು ಜಿಲ್ಲೆಯ ಗಡಿಯೊಳಗೆ ಹುಟ್ಟಿಲ್ಲ ಅಂತಲೇ ಲೆಕ್ಕ. ಸ್ವಂತ ಮಗಳ ಜನ್ಮದಿನ ಮರೆತವರಿಗೂ 124.80 ಮರೆತಿಲ್ಲ. ನೂರು ಅಡಿಗೆ ಇಳಿದರೆ ಇಡೀ ಜಿಲ್ಲೆಯ ಮುಖ ಇಳಿಯುತ್ತದೆ. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿದಾಗ ಯಾರಿಗೂ ನಂಬಿಕೆಯೇ ಬರಲಿಲ್ಲ. ಗೇಜು ಕೆಟ್ಟಿರಬೇಕು ಅಂದವರನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಮಾತು ಎಲ್ಲೋ ಹೋಯಿತು.

ಸಿಡಿಸಬೇಕಾಗಿರುವುದು ಬೇಬಿ ಬೆಟ್ಟದಲ್ಲಿ. ಹೊರಗಿನವರು ಈ ಹೆಸರು ಕೇಳಿದ ಕೂಡಲೇ ನಗುತ್ತಾರೆ. ಬೇಬಿ ಅನ್ನುವುದು ಊರಿನ ಹೆಸರು ಸ್ವಾಮಿ. ಹಳ್ಳಿಕಾರ್ ಎತ್ತು ಬೇಕಾದವರಿಗೆ ಬೇಬಿ ಬೆಟ್ಟದ ದನಗಳ ಜಾತ್ರೆ ಗೊತ್ತು. ಜೋಡಿಯ ರೇಟು ಕೇಳಿ ಎದೆ ಹಿಡಿದುಕೊಂಡು ವಾಪಸ್ ಬಂದವರಲ್ಲಿ ನಾನೂ ಒಬ್ಬ. ಅಲ್ಲಿನ ಕಾವಲು ದನಗಳಿಗೆ ಅಂತ ಬಿಟ್ಟ ಅಮೃತಮಹಲ್ ಕಾವಲು. ಮಹಾರಾಜರ ಕಾಲದಲ್ಲಿ ದನ ಹುಲ್ಲು ತಿಂದವು. ನಮ್ಮ ಕಾಲದಲ್ಲಿ ಕ್ರಷರ್ ಕಲ್ಲು ತಿಂದಿತು. ಮೇಯುವುದಂತೂ ನಿಂತಿಲ್ಲ.

ಈ ಸೀಮೆಯ ನೆಲದಡಿ ಇರುವ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಹತ್ತಿರ ಹತ್ತಿರ 80 ಕೋಟಿ, ಇದರ ಮುಂದೆ ಅದೇ ಮಗು. ಹಿಮಾಲಯ ಇನ್ನೂ ಹುಟ್ಟಿರಲಿಲ್ಲ, ಮೀನು ಇರಲಿಲ್ಲ, ಹುಲ್ಲು ಇರಲಿಲ್ಲ. ಅಷ್ಟು ಹಳೇ ಕಲ್ಲು ಜಲ್ಲಿಯಾಗಿ, ಎಂ ಸ್ಯಾಂಡ್ ಆಗಿ, ಲಾರಿ ಹತ್ತಿ, ಕೊನೆಗೆ ಬೆಂಗಳೂರಿನ ಯಾರದೋ ಬಾಲ್ಕನಿಯಾಗಿ ಒಗೆದ ಬಟ್ಟೆ ಹೊತ್ತುಕೊಂಡು ನಿಂತಿದೆ. ಬೆಂಗಳೂರನ್ನು ಸುಮ್ನೆ ಬೈಯುತ್ತಿದ್ದೇನೆ. ಮೈಸೂರಿನಲ್ಲಿ ನಾನು ಕಟ್ಟಿಸಿದ ಮನೆಗೂ ಎಂ ಸ್ಯಾಂಡೇ. ಯಾವ ಬೆಟ್ಟದ್ದು ಅಂತ ಮೇಸ್ತ್ರಿಯನ್ನು ಕೇಳಲಿಲ್ಲ. ರೇಟು ಕೇಳಿದ್ದೆ.

ಈಗ ವಿಜ್ಞಾನಕ್ಕೆ ಬರೋಣ. ಬಂಡೆಗೆ ಕುಳಿ ಕೊರೆದು ಮದ್ದು ತುಂಬಿ ಸಿಡಿಸಿದರೆ ನೆಲ ಅದುರುತ್ತದೆ. ನೆಲದ ಕಣ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಅಂತ ಮಾಪಕ ಹೇಳುತ್ತದೆ. ಆ ಲೆಕ್ಕ ಮುಖ್ಯವಾಗಿ ಎರಡರ ಮೇಲೆ ನಿಂತಿದೆ. ಎಷ್ಟು ದೂರ ಅನ್ನುವುದು ಒಂದು. ಒಂದೇ ಏಟಿಗೆ ಎಷ್ಟು ಕೆಜಿ ಮದ್ದು ಸಿಡಿಯಿತು ಅನ್ನುವುದು ಇನ್ನೊಂದು. ನಡುವಿನ ಬಂಡೆ ಎಂಥದು, ಅದರಲ್ಲಿ ಎಲ್ಲೆಲ್ಲಿ ಸೀಳು ಇದೆ ಅನ್ನುವುದೂ ಸೇರುತ್ತದೆ. ಇದು ಒಪ್ಪಿತ ವಿಧಾನ, ತಮಾಷೆಯಲ್ಲ. ಬಂದ ವಿಜ್ಞಾನಿಗಳ ಮೇಲೂ ನನಗೆ ಯಾವ ತಕರಾರೂ ಇಲ್ಲ.

ನನ್ನ ಚಿಂತೆ ಆ ಕೆಜಿಯದು. ವಿಜ್ಞಾನಿಗಳ ಮುಂದೆ, ಪೊಲೀಸರ ಮುಂದೆ, ತಹಸೀಲ್ದಾರರ ಮುಂದೆ ತೂಗಿ ತುಂಬಿದಷ್ಟೇ ಮದ್ದನ್ನು ರಾತ್ರಿ ಹನ್ನೊಂದಕ್ಕೂ ತೂಗಿ ತುಂಬುತ್ತಾರಾ? ಸಾಹೇಬರು ಬರುವ ದಿನ ಶಾಲೆಯ ಬಿಸಿಯೂಟದಲ್ಲಿ ಬೇಳೆ ಕಣ್ಣಿಗೆ ಕಾಣುತ್ತದೆ. ಆ ದಿನದ ಸಾಂಬಾರು ಕುಡಿದು ವರ್ಷದ ಸಾಂಬಾರಿಗೆಲ್ಲ ಸರ್ಟಿಫಿಕೇಟ್ ಕೊಟ್ಟ ಹಾಗೆ ಆಯಿತಲ್ವಾ ಇದು?

ಮತ್ತೆ, ಟ್ರಯಲ್ ಅಂದರೆ ಮೊದಲ ಸಲ ಮಾಡುವುದು ಅಂತ ನಾನು ತಿಳಿದಿದ್ದೆ. ಬೇಬಿ ಬೆಟ್ಟದಲ್ಲಿ ವರ್ಷಗಟ್ಟಲೆ ಸಿಡಿದದ್ದು ಏನು? ಪ್ರಯೋಗ ಆಗಲೇ ನಡೆದಿತ್ತು. ಹಗಲೂ ರಾತ್ರಿ, ಬೇರೆ ಬೇರೆ ಪ್ರಮಾಣದಲ್ಲಿ, ಇಡೀ ತಾಲ್ಲೂಕನ್ನು ಪ್ರಯೋಗಶಾಲೆ ಮಾಡಿಕೊಂಡು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವರು ಮಾತ್ರ ಇರಲಿಲ್ಲ.

ಇಲ್ಲ, ತಪ್ಪು ಹೇಳಿದೆ. ಬರೆದುಕೊಂಡದ್ದು ಒಂದಿತ್ತು. 2018ರಲ್ಲಿ ಕಟ್ಟೆಯ ಸುತ್ತ ಭಾರೀ ಸದ್ದು ಕೇಳಿ ಜನ ಗಾಬರಿಯಾದಾಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕ ಅದನ್ನು ದಾಖಲಿಸಿತ್ತು. ಇದು ಗಣಿ ಸ್ಫೋಟ, ಕಟ್ಟೆಗೆ ಒಳ್ಳೆಯದಲ್ಲ ಅಂತ ವರದಿಯೂ ಹೋಯಿತು. ಆಗಿನ ಭೂಕಂಪದ ನಕ್ಷೆಯಲ್ಲಿ ನಮ್ಮದು ಎರಡನೇ ವಲಯ, ಅಪಾಯ ತೀರಾ ಕಡಿಮೆ ಇರುವ ಜಾಗ. ಪ್ರಕೃತಿ ಅಲುಗಿಸದ ಊರನ್ನು ನಾವು ಸ್ವಂತ ಖರ್ಚಿನಲ್ಲಿ ಅಲುಗಿಸಿಕೊಂಡಿದ್ದೆವು. ವರದಿ ಓದಿದ ಮೇಲೆ ಏನು ಮಾಡಬೇಕು? ಇನ್ನೊಂದು ಅಧ್ಯಯನ ಮಾಡಿಸಬೇಕು. ಮೊದಲ ಡಾಕ್ಟರು ಕುಡಿಯೋದು ಬಿಡು ಅಂದರೆ ಎರಡನೇ ಡಾಕ್ಟರ ಹತ್ತಿರ ಹೋಗುವುದಿಲ್ವೇ, ಹಾಗೆ.

2021ರ ಕಥೆ ನಿಮಗೆ ಗೊತ್ತೇ ಇದೆ. ಕಟ್ಟೆಯಲ್ಲಿ ಬಿರುಕಿದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಒಂದು ತಿಂಗಳು ಟಿವಿಯಲ್ಲಿ ಬಿರುಕೇ ಬಿರುಕು. 2022ರಲ್ಲಿ ಟ್ರಯಲ್ ಬ್ಲಾಸ್ಟಿಗೆ ಅಂತ ಜಾರ್ಖಂಡಿನಿಂದ ವಿಜ್ಞಾನಿಗಳು ಬಂದರು, ರೈತರು ಗೋ ಬ್ಯಾಕ್ ಅಂದರು, ಅವರು ಹೋದರು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯಿಂದ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಬೇಡ ಅಂದಿತು. ಅದೇ ವರ್ಷ ಜುಲೈನಲ್ಲಿ ಮತ್ತೆ ಟ್ರಯಲ್ ಬ್ಲಾಸ್ಟ್ ತಯಾರಿ, ಮತ್ತೆ ಧರಣಿ. ಈಗ 20 ಕಿಲೋಮೀಟರ್ ಎಲ್ಲಿಗೆ ಮುಗಿಯುತ್ತದೆ ಅನ್ನುವುದೇ ಟೀ ಅಂಗಡಿಯ ಭೂಗೋಳ. ಆಕಾಶದ ಲೆಕ್ಕವೋ, ರಸ್ತೆಯ ಲೆಕ್ಕವೋ, ಬಸ್ ಟಿಕೆಟ್ಟಿನ ಲೆಕ್ಕವೋ?

ಕಟ್ಟೆಯ ಗಲಾಟೆಯಲ್ಲಿ ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಕಟ್ಟೆಗಾದರೂ ಕೇಳುವವರಿದ್ದಾರೆ. ಮೈಸೂರಿಗೂ ಬೆಂಗಳೂರಿಗೂ ಅದೇ ನದಿಯ ನೀರು ಕುಡಿಯಬೇಕು, ಹಾಗಾಗಿ ಕೋರ್ಟು, ಟಿವಿ, ಮೀಟರ್ ಎಲ್ಲ ಬರುತ್ತವೆ. ನಮ್ಮ ಚಿಕ್ಕಮ್ಮನ ಮನೆ ಬೆಟ್ಟಕ್ಕೆ ಇನ್ನೂ ಹತ್ತಿರ. ಗಣಿ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಸಂಜೆ ಸದ್ದಿಗೆ ಅಟ್ಟದ ಮೇಲಿನ ಪಾತ್ರೆ ಮಾತಾಡುತ್ತಿದ್ದವು. ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿಳೀ ಧೂಳು. ಅದನ್ನು ತೊಳೆದು, ಒರೆಸಿ, ಆರಿಸಿ ಹುಳಕ್ಕೆ ಹಾಕಬೇಕು. ನಡುಮನೆ ಗೋಡೆಯಲ್ಲಿ ಬಿರುಕು ಬಂತು. ದೂರು ಕೊಡಲು ಹೋದರೆ, ಸ್ಫೋಟದಿಂದಲೇ ಬಂತು ಅನ್ನೋದಕ್ಕೆ ವೈಜ್ಞಾನಿಕ ಆಧಾರ ಏನಿದೆ ಅಂತ ಕೇಳಿದರು. ಎಂಟನೇ ಕ್ಲಾಸು ಓದಿದ ಚಿಕ್ಕಮ್ಮ ಆಧಾರ್ ಕಾರ್ಡ್ ತೋರಿಸಿದರು.

ಈ ಜೋಕಿಗೆ ನಾನು ವರ್ಷಾನುಗಟ್ಟಲೆ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ. ಸಿಡಿಸುವವನು ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ಗೋಡೆ ಸೀಳಿಸಿಕೊಂಡವಳು ಮಾಡಬೇಕು. ಅವಳ ಹತ್ತಿರ ಮಾಪಕ ಇಲ್ಲ, ದಿನಾಂಕ ಬರೆದಿಲ್ಲ, ಅವತ್ತು ಎಷ್ಟು ಕೆಜಿ ಮದ್ದು ಅಂತ ಗೊತ್ತಿಲ್ಲ. ಗೊತ್ತಿದ್ದವರು ಹೇಳುವುದಿಲ್ಲ. ಇದನ್ನು ತಿಳಿಯಲು ಯಾವ ಊರಿನಿಂದಲೂ ವಿಜ್ಞಾನಿ ಬರಬೇಕಾಗಿಲ್ಲ.

ಬಿರುಕಿನ ಮೇಲೆ ಕ್ಯಾಲೆಂಡರ್ ನೇತು ಹಾಕಿದ್ದಾರೆ. ಗಣಿ ನಿಂತಿದೆ ಅನ್ನುತ್ತಾರೆ, ಆದರೆ ಮಳೆ ನೀರು ಇಳಿದು ಬಿರುಕು ತನ್ನ ಪಾಡಿಗೆ ಅಗಲವಾಗುತ್ತಿದೆ. ಟೀ ಮುಗಿಸಿ ಚಿಕ್ಕಮ್ಮನ ಮನೆಗೇ ಹೋಗಿದ್ದೆ. ಹೊರಡುವಾಗ ಬಾಗಿಲವರೆಗೂ ಬಂದರು. "ಮುಂದಿನ್ ಸಲ ಬರೋವಾಗ ಮೈಸೂರಿಂದ ಒಂದ್ ದೊಡ್ಡ ಕ್ಯಾಲೆಂಡರ್ ತಕೊಂಡ್ ಬಾ ಮಗ, ಇದು ಸಾಲ್ತಿಲ್ಲ."

ಬ್ಯಾಂಕಿನದು ಸಣ್ಣದಾಗುತ್ತೆ. ಒಡವೆ ಅಂಗಡಿಯದು ಉದ್ದ ಇರುತ್ತೆ, ಕೇಳಬೇಕು.